ನಿಮಗಿದು ಗೊತ್ತೇ? ಗೂಟ ಕಿತ್ತರೆ ಗಂಟೇ ಮಾಯ!

ಎತ್ತನ್ನು ಗೂಟಕ್ಕೆ ಕಟ್ಟುವ ಎರಡು ಸುತ್ತಿನ ಗಂಟು ಮೆಟ್ರಿ, ಕಂಪ್ಲಿ ಕಡೆಯವರಿಗೆ ಹೊಸದೇನಲ್ಲ. ಗೂಟಕ್ಕೆ ಹಗ್ಗ ಒಂದು ಸುತ್ತು ಸುತ್ತಿ. ಅದರ ಮೇಲೆ ಓರೆಯಾಗಿ ದಾಟಿಸಿ ಇನ್ನೊಂದು ಸುತ್ತು ಹಾಕಿ. ತುದಿಯನ್ನು ಆ ಓರೆ ಎಳೆಯ ಕೆಳಗೆ ತೂರಿಸಿ ಜಗ್ಗಿ. ಮುಗಿಯಿತು! ಇಂಗ್ಲಿಷಿನವರು ಇದನ್ನೇ ಕ್ಲೋವ್ ಹಿಚ್ ಅನ್ನುತ್ತಾರೆ.

ಈಗ ಗೂಟ ಕಿತ್ತು, ಹಗ್ಗದ ಎರಡೂ ತುದಿ ಜಗ್ಗಿ ನೋಡಿ. ಗಂಟೇ ಇಲ್ಲ! ಬರೀ ನೆಟ್ಟಗಿನ ಹಗ್ಗ! ನಂಬಿಕೆ ಬರದಿದ್ದರೆ ಪೆನ್ಸಿಲ್ಲಿಗೆ ದಾರ ಸುತ್ತಿ ಈಗಲೇ ನೋಡಿ. ಕಾಯುತ್ತೇನೆ.

ಸುತ್ತುವಷ್ಟೂ ಪುರುಸೊತ್ತಿಲ್ಲವೇ? ಕೈಯಲ್ಲೇ ಎರಡು ಕುಣಿಕೆ ಮಾಡಿ, ಎರಡನೆಯದನ್ನು ಮೊದಲನೆಯದರ ಹಿಂದೆ ಸರಿಸಿ, ಗೂಟದ ತಲೆಗೆ ತೊಡಿಸಿ. ಅದೇ ಗಂಟು!

ಎತ್ತನ್ನು ಹಿಡಿಯುವುದು ಗಂಟಲ್ಲ, ತಿಕ್ಕಾಟ. ಘರ್ಷಣಾಂಕ 0.3 ಎಂದಿಟ್ಟುಕೊಳ್ಳಿ. ಹಗ್ಗ ಒಂದು ಸುತ್ತು ಹಾಕಿದರೆ ನಿಮ್ಮ ಒಂದು ಕೆಜಿಯ ಹಿಡಿತ ಆರೂವರೆ ಕೆಜಿಯ ಜಗ್ಗಾಟ ತಡೆಯುತ್ತದೆ. ಮೂರು ಸುತ್ತಿಗೆ? ಸುಮಾರು 285 ಕೆಜಿ! ಇನ್ನೂ ಒಂದು ಚೋದ್ಯವಿದೆ: ಈ ಲೆಕ್ಕದಲ್ಲಿ ಗೂಟದ ದಪ್ಪಕ್ಕೆ ಜಾಗವೇ ಇಲ್ಲ. ಬೆರಳಷ್ಟು ಸಣ್ಣದಿರಲಿ, ತೆಂಗಿನ ಮರದಷ್ಟು ದಪ್ಪವಿರಲಿ, ಉತ್ತರ ಒಂದೇ!

ಆದರೆ ಎತ್ತು ಗೂಟದ ಸುತ್ತ ತಿರುಗುತ್ತಲೇ ಇದ್ದರೆ ಇದೇ ಗಂಟು ಮೆಲ್ಲಗೆ ಸಡಿಲವಾಗುತ್ತದೆ. ಅದಕ್ಕೇ ತುದಿಯಲ್ಲಿ ಇನ್ನೊಂದು ಕುಣಿಕೆ ಹಾಕುವುದು. ನೈಲಾನ್ ಹಗ್ಗವಾದರೆ ಇದನ್ನು ಮರೆಯಲೇಬೇಡಿ, ಅದು ಬಲು ಜಾರುಗುಳಿ!

ರೊಟ್ಟಿಯ ಜೊತೆ ಪುಂಡಿಪಲ್ಯ ತಿನ್ನುತ್ತೀರಲ್ಲ? ಅದೇ ಪುಂಡಿ ಗಿಡದ ಕಾಂಡವನ್ನು ನೀರಲ್ಲಿ ಕೊಳೆಹಾಕಿ ನಾರು ಬಿಡಿಸಿದರೆ ಹಗ್ಗ ಹೊಸೆಯಬಹುದು. ಎಲೆ ತಟ್ಟೆಗೆ, ತೊಗಟೆ ಎತ್ತಿನ ಕೊರಳಿಗೆ! ಮಳೆಗೆ ನೆನೆದರೆ ಈ ನಾರು ಉಬ್ಬಿ ಗಂಟು ಬಿಗಿಯುತ್ತದೆ. ಆಮೇಲೆ ಬಿಚ್ಚುವುದು ಉಗುರಿನ ಪಾಡು!

ಒಂದನೇ ಶತಮಾನದಲ್ಲಿ ಹೆರಾಕ್ಲಾಸ್ ಎಂಬ ಗ್ರೀಕ್ ವೈದ್ಯ, ಮುರಿದ, ಕೀಲು ತಪ್ಪಿದ ಕೈಕಾಲಿಗೆ ಹಾಕುವ ಗಂಟುಗಳ ಬಗೆಯನ್ನು ಬರೆದಿಟ್ಟ. ಅದರಲ್ಲಿ ನಮ್ಮ ಗೂಟದ ಗಂಟೂ ಇದೆ. ಅವನು ಅದನ್ನು ಕರೆದದ್ದು ನಾವಿಕರ ಕುಣಿಕೆ ಎಂದು. ಗೂಟದ ಬದಲು ರೋಗಿಯ ಕಾಲು!

ಗಂಟುಗಳಿಗೇ ಮೀಸಲಾದ ದಪ್ಪ ಪುಸ್ತಕವೂ ಉಂಟು. 1944ರಲ್ಲಿ ಅಮೆರಿಕದ ಕ್ಲಿಫರ್ಡ್ ಆಶ್ಲಿ ಹೊರತಂದದ್ದು. ಅದರಲ್ಲಿ 3,800ಕ್ಕೂ ಹೆಚ್ಚು ನಮೂದುಗಳು!

ಕಬ್ಬಿನ ಗದ್ದೆಯಲ್ಲಿ ಹೊರೆ ಕಟ್ಟುವವರು ಹಗ್ಗಕ್ಕೆ ಹುಡುಕಾಡುವುದಿಲ್ಲ. ಅದೇ ಕಬ್ಬಿನ ಹಸಿ ಸೋಗೆಯನ್ನು ಸುತ್ತಿ, ಹುರಿ ತಿರುವಿ, ತುದಿ ಸಿಕ್ಕಿಸಿಬಿಟ್ಟರಾಯಿತು. ಗಂಟಿನ ಗೊಡವೆಯೇ ಇಲ್ಲ!

ಹೊಸಪೇಟೆಯಲ್ಲಿ ಮಲ್ಲಿಗೆ ಕಟ್ಟುವ ಅಕ್ಕಂದಿರ ಬೆರಳನ್ನು ಒಮ್ಮೆ ನೋಡಿ. ಎರಡು ಹೂ ಈಚೆ, ಎರಡು ಆಚೆ. ತೊಟ್ಟುಗಳಿಗೆ ದಾರ ಸುತ್ತಿ, ಬೆರಳಲ್ಲೇ ಒಂದು ಕುಣಿಕೆ ತಿರುವಿ ಅವುಗಳ ಮೇಲೆ ಇಳಿಸಿ ಜಗ್ಗಿದರೆ ಮುಗಿಯಿತು. ಎತ್ತಿನ ಹಗ್ಗದ ಅರ್ಧ ಗಂಟೇ ಅದು! ಅದೂ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಾ, ಹೂವಿನತ್ತ ನೋಡದೆಯೇ!