ವೇಗದ ಮುಳ್ಳು ಹೇಳದ ಮಾತು

1896ರ ಆಗಸ್ಟ್ 9ರಂದು ಜರ್ಮನಿಯ ಓಟ್ಟೊ ಲಿಲಿಯೆಂಥಾಲನ ಗ್ಲೈಡರು ಹಾರುತ್ತಿದ್ದಂತೆಯೇ ಮೂತಿ ಮೇಲೆತ್ತಿ ನಿಂತು, ಸುಮಾರು 15 ಮೀಟರ್ ಎತ್ತರದಿಂದ ನೆಲಕ್ಕುರುಳಿತು. ಬೆನ್ನೆಲುಬು ಮುರಿದ ಆ ಸಾಹಸಿ ಮರುದಿನವೇ ತೀರಿಕೊಂಡನು.

ಗಾಳಿಪಟಕ್ಕೆ ಸೂತ್ರ ಕಟ್ಟಿದವರೆಲ್ಲರೂ ಇದರ ಮರ್ಮವನ್ನು ಕೊಂಚ ಬಲ್ಲರು. ಪಟವು ಗಾಳಿಗೆ ತಕ್ಕ ಓರೆಯಲ್ಲಿ ನಿಂತರೆ ಏರುತ್ತದೆ. ಓರೆ ಮಿತಿಮೀರಿದರೆ ತತ್ತರಿಸಿ ಬೀಳುತ್ತದೆ. ವಿಮಾನದ ರೆಕ್ಕೆಯ ಪಾಡೂ ಅದೇ. ಎದುರುಗಾಳಿಗೆ ರೆಕ್ಕೆ ಒಡ್ಡಿದ ಓರೆ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುವುದೇನೋ ನಿಜ. ಆದರೆ ಅದು 15-16 ಡಿಗ್ರಿಗಳನ್ನು ಮುಟ್ಟುವ ಹೊತ್ತಿಗೆ, ರೆಕ್ಕೆಯ ಬೆನ್ನಿಗಂಟಿ ಹರಿಯುತ್ತಿದ್ದ ಗಾಳಿ ಚೆದುರಿ ಸುಳಿಯಾಗುತ್ತದೆ, ಬಲ ಕುಸಿಯುತ್ತದೆ. ಇದನ್ನೇ ವೈಮಾನಿಕರು ‘ಸ್ಟಾಲ್’ ಎನ್ನುವರು. ಎಂಜಿನ್ ನಿಂತಿತೆಂದು ಭಾವಿಸಬಾರದು. ಅದು ಮೊರೆಯುತ್ತಲೇ ಇರುತ್ತದೆ. ಕೆಲಸ ಬಿಟ್ಟಿರುವುದು ರೆಕ್ಕೆ.

ವಿಚಿತ್ರವೆಂದರೆ, ಸಣ್ಣ ವಿಮಾನದ ಚಾಲಕನ ಕಣ್ಣೆದುರಿಗೆ ಬಹುಕಾಲ ಇದ್ದದ್ದು ಈ ಓರೆಯನ್ನು ತಿಳಿಸುವ ಉಪಕರಣವಲ್ಲ, ವೇಗವನ್ನು ತೋರುವ ಮುಳ್ಳು. ನೇರವಾಗಿ ಹಾರುವಾಗ ಅದರ ಲೆಕ್ಕ ಸಾಕು. ತಿರುವಿನಲ್ಲಿ ಅದು ವಂಚಿಸುತ್ತದೆ. 60 ಡಿಗ್ರಿ ವಾಲಿ, ಎತ್ತರ ಬಿಡದೆ ತಿರುಗುವ ವಿಮಾನದ ರೆಕ್ಕೆಗಳು ಇಮ್ಮಡಿ ಭಾರವನ್ನು ಹೊರಬೇಕು. 50 ನಾಟ್ ವೇಗದಲ್ಲಿ ಸ್ಟಾಲ್ ಆಗಬೇಕಾದದ್ದು ಆಗ ಸುಮಾರು 71ರಲ್ಲಿಯೇ ಆಗುತ್ತದೆ. ಇಳಿಯಲು ಬಂದ ಚಾಲಕನು ಓಡುದಾರಿಯ ನೇರ ತಪ್ಪಿತೆಂದು ಗಾಬರಿಗೊಂಡು, ವಿಮಾನವನ್ನು ಬಿಗಿಯಾಗಿ ತಿರುಗಿಸಿ ಹಿಡಿಕೆಯನ್ನು ತನ್ನತ್ತ ಎಳೆದನೆನ್ನೋಣ. ನೆಲ ಕೆಲವೇ ನೂರು ಅಡಿ ಕೆಳಗೆ. ಸ್ಟಾಲ್ ಆದರೆ ಸುಧಾರಿಸಿಕೊಳ್ಳಲು ಎತ್ತರವಿಲ್ಲ. ವೇಗದ ಮುಳ್ಳು ಮಾತ್ರ ಎಲ್ಲವೂ ಕ್ಷೇಮವೆಂದೇ ಸಾರುತ್ತಿರುತ್ತದೆ!

ಇದು ಹೊಸದಾಗಿ ಕಂಡ ಕೊರತೆಯಲ್ಲ. ಅಮೆರಿಕದ ಸೇನೆಗೆ ಮಾರಿದ್ದ ರೈಟ್ ವಿಮಾನಗಳು ಒಂದರ ಹಿಂದೊಂದು ಬಿದ್ದು ತರುಣರು ಸಾಯುತ್ತಿದ್ದಾಗ, ಆರ್ವಿಲ್ ರೈಟ್ ಹೇಳಿದ ಕಾರಣ ಇದೇ. 1913ರಲ್ಲಿಯೇ ಆತ ಓರೆಸೂಚಕವೊಂದನ್ನು ಹೊರತಂದನು. (ದೋಷ ಆ ವಿಮಾನದ ರಚನೆಯಲ್ಲಿಯೇ ಇತ್ತೆಂದವರೂ ಉಂಟು.) ಮುಂದೆ ಹಡಗಿನ ಮೇಲೆ ಇಳಿಯುವ ನೌಕಾದಳದ ಜೆಟ್‌ಗಳು ಇಂಥ ಸೂಚಕವನ್ನೇ ನೆಚ್ಚಿಕೊಂಡವು. ಸಣ್ಣ ವಿಮಾನಗಳಿಗೆ ದಕ್ಕಿದ್ದು ಬಹುಮಟ್ಟಿಗೆ, ಸ್ಟಾಲಿನ ಅಂಚಿಗೆ ಬಂದಾಗ ಕೂಗಿಕೊಳ್ಳುವ ಒಂದು ಕಹಳೆ ಮಾತ್ರ. ಅಂಚು ಇನ್ನೆಷ್ಟು ದೂರವಿದೆಯೆಂದು ಕಹಳೆ ಹೇಳಲಾರದು. 2014ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಸೂಚಕವನ್ನು ಅಳವಡಿಸುವ ಅನುಮತಿಯ ಕ್ರಮವನ್ನು ಸರಳಗೊಳಿಸಿತು. ನೂರು ವರ್ಷದ ವಿಳಂಬ ಚಿಕ್ಕದೇನಲ್ಲ.

ಈ ಉಪಕರಣವನ್ನು ಅತಿಯಾಗಿ ನಂಬುವುದೂ ತರವಲ್ಲ. 2018 ಮತ್ತು 2019ರಲ್ಲಿ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ ಓರೆಯ ಸುಳ್ಳು ಲೆಕ್ಕವನ್ನು ನಂಬಿದ ಯಂತ್ರವೇ ಮೂತಿಯನ್ನು ಕೆಳಗೊತ್ತಿತು. 346 ಜನ ಮಡಿದರು. ಸಣ್ಣ ವಿಮಾನದ ಈ ಸೂಚಕವಾದರೋ ಹಿಡಿಕೆಯನ್ನು ಮುಟ್ಟುವುದಿಲ್ಲ. ಹಸಿರು, ಹಳದಿ, ಕೆಂಪು ದೀಪಗಳನ್ನು ತೋರಿ ಸುಮ್ಮನಾಗುತ್ತದೆ. ತಿರುವಿನಲ್ಲಿ ಹಳದಿ ಕಂಡ ಚಾಲಕನು ಎಳೆದ ಕೈಯನ್ನು ಸಡಿಲಿಸಿ, ಮತ್ತೊಂದು ಸುತ್ತು ಹಾಕಿ ಇಳಿಯಬಹುದು.