ಬೂದು ಬಣ್ಣದಲ್ಲಿ ಅಡಗಿದ ‘ಬೇಡ’

ಕಳೆದ ತಿಂಗಳು ನನ್ನ ಪತ್ನಿ ಆನ್‌ಲೈನ್ ಮಳಿಗೆಯೊಂದರಿಂದ ಮಿಕ್ಸರ್ ತರಿಸಿದರು. ಬಿಲ್ಲಿನಲ್ಲಿ ಅದರ ಬೆಲೆಯ ಜೊತೆಗೆ ಹೆಚ್ಚುವರಿ ವಾರಂಟಿಯ ಬಾಬ್ತು 499 ರೂಪಾಯಿ ಸೇರಿತ್ತು. ‘ನಾನು ಇದನ್ನು ಕೇಳಲೇ ಇಲ್ಲವಲ್ಲ’ ಎಂದರು. ಅದೇ ಪುಟಗಳನ್ನು ಮತ್ತೆ ತೆರೆದು ನೋಡಿದೆ. ಹಣ ಪಾವತಿಗೆ ಮುನ್ನ ವಾರಂಟಿ ಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ. ‘ಹೌದು’ ಎಂಬುದು ಪರದೆಯ ಅಗಲಕ್ಕೂ ಚಾಚಿದ ಕಿತ್ತಳೆ ಬಣ್ಣದ ಗುಂಡಿ. ‘ಬೇಡ’ ಎಂಬುದು ಅದರ ಕೆಳಗೆ, ಬಿಳಿಯ ಮೇಲೆ ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ. ಕಣ್ಣಿಗೆ ಪೊರೆ ಬರುತ್ತಿರುವ ಅವರಿಗೆ ಅದು ಕಾಣಿಸಿಯೇ ಇರಲಿಲ್ಲ. ಮುಂದೆ ಹೋಗಲು ಇರುವುದು ಒಂದೇ ದಾರಿಯೆಂದು ಭಾವಿಸಿ ಕಿತ್ತಳೆ ಗುಂಡಿ ಒತ್ತಿದ್ದರು.

ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದ ನನಗೆ ಬಣ್ಣದ ಭಾಷೆ ಅಪರಿಚಿತವಲ್ಲ. ಹಸಿರು ಶಾಯಿಯ ಸಹಿಗೆ ಇದ್ದ ಗತ್ತನ್ನೂ ಕಡತಕ್ಕೆ ಸಿಕ್ಕಿಸಿದ ಕೆಂಪು ‘ತುರ್ತು’ ಚೀಟಿಗೆ ಇದ್ದ ವೇಗವನ್ನೂ ಕಂಡಿದ್ದೇನೆ. ನಮ್ಮ ಅರ್ಜಿ ನಮೂನೆಗಳ ಹಿಂಬದಿಯಲ್ಲಿ ಷರತ್ತುಗಳನ್ನು ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿಸಿದವರಲ್ಲಿ ನಾನೂ ಒಬ್ಬ. ಖರೀದಿ ಬುಟ್ಟಿಯಲ್ಲಿ ಪಾವತಿಯ ಗುಂಡಿ ಎದ್ದು ಕಾಣುವುದು ತಪ್ಪಲ್ಲ. ಕೊಳ್ಳಲೆಂದೇ ಬಂದವರಿಗೆ ಅದು ಅನುಕೂಲ. ಕೇಳದ ಸರಕನ್ನು ಅಂಟಿಸಲು ಬಣ್ಣ ಬಳಕೆಯಾದಾಗ ಮಾತ್ರ ಆಕ್ಷೇಪ ಹುಟ್ಟುತ್ತದೆ.

ಗ್ರಾಹಕ ಕೊಂಡದ್ದೇ ಆತನ ಇಷ್ಟಕ್ಕೆ ಸಾಕ್ಷಿ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತೆವು. ಆಯ್ಕೆಗಳನ್ನು ಮುಂದಿಡುವ ಬಗೆಯೇ ತೀರ್ಮಾನವನ್ನು ಬದಲಿಸಬಲ್ಲದೆಂದು ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರ ‘ನಡ್ಜ್’ ಕೃತಿಯಲ್ಲಿ ವಿವರಿಸಿದರು. ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ‘ಬೇಡ’ ಕಾಣದಿರುವ ಕಡೆ ಬಂದ ‘ಹೌದು’ ಯಾರ ಇಷ್ಟಕ್ಕೆ ಸಾಕ್ಷಿ? ಇದರ ಪೆಟ್ಟು ಗ್ರಾಹಕರೊಬ್ಬರಿಗೇ ಅಲ್ಲ. ಪೂರ್ಣ ಬೆಲೆಯನ್ನು ಮೊದಲೇ ತೋರಿಸುವ ಪ್ರಾಮಾಣಿಕ ವ್ಯಾಪಾರಿಯೂ ಪೈಪೋಟಿಯಲ್ಲಿ ಹಿಂದೆ ಬೀಳುತ್ತಾನೆ.

ಕಾನೂನು ಸುಮ್ಮನೆ ಕುಳಿತಿಲ್ಲ. ಮೊದಲೇ ಗುರುತು ಹಾಕಿದ ಚೌಕಗಳ ಮೂಲಕ ಒಪ್ಪಿಗೆ ಪಡೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳೇ ನಿಷೇಧಿಸಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಕುಟಿಲ ವಿನ್ಯಾಸಗಳನ್ನು ಪಟ್ಟಿ ಮಾಡಿತು. ಒಪ್ಪಿಗೆಯಿಲ್ಲದೆ ಬುಟ್ಟಿಗೆ ಸರಕು ಸೇರಿಸುವುದು ಅದರಲ್ಲಿ ಒಂದು. ಖರೀದಿಯ ಪ್ರಶ್ನೆಗೆ ‘ಬೇಡ’ ಎಂಬ ಉತ್ತರವನ್ನು ತಿಳಿಬಣ್ಣದಲ್ಲಿ ಇಡುವುದನ್ನೂ ಮಾರ್ಗಸೂಚಿ ಉದಾಹರಣೆಯಾಗಿ ಹೆಸರಿಸಿದೆ. 2025ರ ಜೂನ್‌ನಲ್ಲಿ ಪ್ರಾಧಿಕಾರವು ಇ-ವಾಣಿಜ್ಯ ಸಂಸ್ಥೆಗಳಿಗೆ ಮೂರು ತಿಂಗಳೊಳಗೆ ಸ್ವಯಂ ತಪಾಸಣೆ ನಡೆಸಲು ಸೂಚಿಸಿತು.

ಆದರೆ ತನ್ನ ಪರೀಕ್ಷೆಗೆ ತಾನೇ ಅಂಕ ಹಾಕಿಕೊಳ್ಳುವ ವ್ಯವಸ್ಥೆಗೆ ಮಿತಿಗಳಿವೆ. ‘ತಿಳಿಬಣ್ಣ’ ಎಂದರೆ ಎಷ್ಟು ತಿಳಿ? ಇಪ್ಪತ್ತೈದರ ವಿನ್ಯಾಸಕಾರನ ಕಣ್ಣಿಗೋ, ಅರವತ್ತೈದರ ಗೃಹಿಣಿಯ ಕಣ್ಣಿಗೋ? ಇದಕ್ಕೆ ಅಳತೆಗೋಲು ಸಿದ್ಧವಾಗಿಯೇ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ವೈದೃಶ್ಯ ಇರಬೇಕು, ಬಣ್ಣವೊಂದನ್ನೇ ನೆಚ್ಚಿ ಮಾಹಿತಿ ನೀಡಬಾರದು ಎಂದು ವರ್ಲ್ಡ್ ವೈಡ್ ವೆಬ್ ಒಕ್ಕೂಟದ 2008ರ ಸೂತ್ರಗಳು ಹೇಳುತ್ತವೆ. ಕೆಂಪು-ಹಸಿರು ಭೇದ ಕಾಣದವರಿಗೂ ಇದು ಆಸರೆ. ‘ಹೌದು’, ‘ಬೇಡ’ ಎರಡೂ ಒಂದೇ ಗಾತ್ರದಲ್ಲಿ, ಈ ಪ್ರಮಾಣದಲ್ಲಿ ಇರಲೇಬೇಕೆಂದು ಪ್ರಾಧಿಕಾರ ವಿಧಿಸಲಿ. ಅಳೆಯಲು ಬರುವ ನಿಯಮವನ್ನು ಮಾತ್ರ ಜಾರಿಗೆ ತರಲು ಸಾಧ್ಯ ಎಂಬುದು ನನ್ನ ಸೇವಾವಧಿಯ ಅನುಭವ.

ಅಲ್ಲಿಯವರೆಗೆ ಹಣ ಕಟ್ಟುವ ಮುನ್ನ ಬಿಲ್ಲಿನ ಪ್ರತಿ ಸಾಲನ್ನೂ ಓದೋಣ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡೋಣ. ನಮ್ಮ ಬೀದಿಯ ಅಂಗಡಿಯಾತ ಕೇಳದ ಸೋಪೊಂದನ್ನು ಚೀಲಕ್ಕೆ ಹಾಕಿದರೆ ತೆಗೆದು ಗಲ್ಲಾದ ಮೇಲಿಟ್ಟು ಬರುತ್ತೇವೆ. ನನ್ನ ಪತ್ನಿಗೆ ಆ 499 ರೂಪಾಯಿ ಮರಳಿ ಪಡೆಯಲು ನಾಲ್ಕು ಕರೆಗಳು, ಒಂಬತ್ತು ದಿನಗಳು ಬೇಕಾದವು. ಅಷ್ಟು ತಾಳ್ಮೆಯಿಲ್ಲದವರ ಹಣ ಎಲ್ಲಿ ಉಳಿಯುತ್ತದೆಂದು ಬೇರೆ ಹೇಳಬೇಕಿಲ್ಲ.