ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿ

ಯುಗಾದಿಯ ಮರುದಿನ ನಮ್ಮ ಹಳೇ ಮೈಸೂರು ಕಡೆ ಹೊಸತೊಡಕು. ಮಾಂಸ ತಿನ್ನುವ ಮನೆಗಳಲ್ಲಿ ಅವತ್ತು ಬೆಳಗಿನಿಂದಲೇ ಮಸಾಲೆ ರುಬ್ಬುವ ಸದ್ದು. ಹತ್ತು ಮಂದಿ ಬರುತ್ತಾರೆಂದು ಹದಿನೈದು ಮಂದಿಗಾಗುವಷ್ಟು ಕೋಳಿ ಸಾರು ಮಾಡುವುದು, ಒಂದು ಗಂಟೆಗೆ ಒಲೆ ಆರಿಸಿ ಮುದ್ದೆ ಕಟ್ಟುವುದು, ಉಂಡವರೆಲ್ಲ ನಡುಮನೆಯಲ್ಲಿ ಅಡ್ಡಾಗುವುದು. ಮಿಕ್ಕ ಅರ್ಧ ಪಾತ್ರೆ ಸಾರಿಗೆ ತಟ್ಟೆ ಮುಚ್ಚಿ ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟರೆ ಮತ್ತೆ ಅದರ ನೆನಪಾಗುವುದು ರಾತ್ರಿ ಒಂಬತ್ತಕ್ಕೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಹೀಗೇ ನಡೆಯಿತು. ಆ ಎಂಟು ಗಂಟೆಗಳಲ್ಲಿ ತಟ್ಟೆಯ ಕೆಳಗೆ ಏನು ನಡೆಯಬಹುದೆಂದು ನಾನು ಲೆಕ್ಕ ಹಾಕಿ ನೋಡಿದ್ದು ಬಹಳ ತಡವಾಗಿ. ನೋಡಿದ ಮೇಲೆ ಪಾತ್ರೆಯನ್ನು ಹಾಗೆ ಬಿಡಲು ಮನಸ್ಸು ಬರುತ್ತಿಲ್ಲ.

ಮೊದಲು ಬೆಂಕಿಯ ಲೆಕ್ಕ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅಂಥವು ಒಂದು ಕೋಟಿ ಇದ್ದಲ್ಲಿ ಒಂದೇ ಒಂದು ಉಳಿಯುವ ಮಟ್ಟಕ್ಕೆ ತರಲು, ಮಾಂಸದ ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು ಅರ್ಧ ಗಂಟೆ ಬೇಕು. 74 ಡಿಗ್ರಿ ಇದ್ದರೆ ಹತ್ತು ಸೆಕೆಂಡೂ ಬೇಡ. ಬಿಸಿ ಏರಿದ್ದು ಬರೀ 14 ಡಿಗ್ರಿ, ಸಮಯ ಕುಗ್ಗಿದ್ದು ನೂರೆಂಬತ್ತು ಪಟ್ಟು! ಕುದಿಯುವ ಸಾರು ಇವನ್ನೆಲ್ಲ ದಾಟಿ ನೂರು ಡಿಗ್ರಿಯ ಹತ್ತಿರ ಇರುತ್ತದೆ. ಹಾಗಾಗಿ ಒಂದು ಗಂಟೆಗೆ ಬಿಸಿಬಿಸಿಯಾಗಿ ಬಡಿಸಿದ ಸಾರಿನ ಬಗ್ಗೆ ನನಗೆ ಅಂಜಿಕೆಯಿಲ್ಲ. ಅಂಜಿಕೆ ಶುರುವಾಗುವುದು ಅದು ಆರತೊಡಗಿದ ಮೇಲೆ.

ಕುದಿಗೆ ಜಗ್ಗದ ಜೀವವೊಂದಿದೆ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಅದರ ಹೆಸರು. ಮಣ್ಣಿನಲ್ಲೂ ಇರುತ್ತದೆ, ಕೋಳಿಯ ಕರುಳಿನಲ್ಲೂ ಇರುತ್ತದೆ. ಬದುಕು ಕಷ್ಟವಾದಾಗ ಬೀಜದಂಥ ಗಟ್ಟಿ ಕವಚದೊಳಗೆ ಅಡಗಿ ಕೂರುತ್ತದೆ. ಈ ಬೀಜಾಣುಗಳಲ್ಲಿ ಎಷ್ಟೋ ಕುದಿಯುವ ನೀರನ್ನೂ ತಡೆದುಕೊಳ್ಳುತ್ತವೆ. ಇನ್ನೂ ಸೋಜಿಗವೆಂದರೆ, ಅಡುಗೆಯ ಬಿಸಿಯೇ ಅವುಗಳನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಕುದಿಯುವಾಗ ಸಾರಿನಲ್ಲಿದ್ದ ಆಮ್ಲಜನಕ ಹೊರಗೆ ಹೋಗಿರುತ್ತದೆ, ಇದಕ್ಕೆ ಬೇಕಾದ್ದೂ ಅದೇ. ಪೈಪೋಟಿಗೆ ಇಳಿಯಬಹುದಾಗಿದ್ದ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಸತ್ತಿರುತ್ತವೆ. ಉತ್ತು ಹದಮಾಡಿ ಕಳೆ ಕಿತ್ತ ಹೊಲವನ್ನು ನಾವೇ ಅದರ ಕೈಗೆ ಕೊಟ್ಟ ಹಾಗೆ.

ಅದಕ್ಕೆ ಒಗ್ಗುವ ಬಿಸಿ 43ರಿಂದ 47 ಡಿಗ್ರಿ. ಅಂದರೆ ಕೈ ಅದ್ದಿದರೆ ಚುರುಗುಟ್ಟುವ, ಆದರೆ ಸುಡದ ಬಿಸಿ. ಆ ಬಿಸಿಯಲ್ಲಿ ಅದು ಹತ್ತು ನಿಮಿಷದೊಳಗೆ ಇಮ್ಮಡಿಯಾಗಬಲ್ಲದು. ನಾವು ಉದಾರವಾಗಿ ಹತ್ತು ನಿಮಿಷ ಅಂತಲೇ ಹಿಡಿಯೋಣ. ಒಂದು ಗ್ರಾಮ್ ಸಾರಿನಲ್ಲಿ ಒಂದೇ ಒಂದು ಎದ್ದು ಕೂತಿದೆ ಅಂದುಕೊಳ್ಳಿ. ಒಂದು ಗಂಟೆಗೆ 64. ಎರಡು ಗಂಟೆಗೆ 4,096. ಮೂರು ಗಂಟೆಗೆ 2,62,144. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ 10,48,576. ಗ್ರಾಮಿಗೆ ಹತ್ತು ಲಕ್ಷ ಎಂಬುದು ಉಂಡವರನ್ನು ಹಾಸಿಗೆ ಹಿಡಿಸುವ ಮಟ್ಟ. ಮೊದಲ ಎರಡು ಗಂಟೆಯಲ್ಲಿ ನಾಲ್ಕು ಸಾವಿರ, ಆಮೇಲಿನ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಹತ್ತು ಲಕ್ಷ. ನನ್ನನ್ನು ಬೆಚ್ಚಿಬೀಳಿಸಿದ್ದು ಈ ಏರುವ ಬಗೆ. ‘ಇನ್ನೊಂದು ಗಂಟೆ ತಾನೆ, ಬಿಡು’ ಅನ್ನುವಾಗ ನಮ್ಮ ಮನಸ್ಸಿನಲ್ಲಿರುವ ಗಂಟೆಗಳೆಲ್ಲ ಒಂದೇ ಅಳತೆಯವು. ಪಾತ್ರೆಯೊಳಗೆ ಹಾಗಲ್ಲ.

ಇದು ಕಾಗದದ ಲೆಕ್ಕ, ಒಪ್ಪುತ್ತೇನೆ. ಕಟ್ಟೆಯ ಮೇಲಿನ ಪಾತ್ರೆ ಅಷ್ಟು ಹೊತ್ತು ಒಂದೇ ಬಿಸಿಯಲ್ಲಿ ನಿಲ್ಲುವುದಿಲ್ಲ, ಬೀಜಾಣು ಕಣ್ಣು ಬಿಡಲಿಕ್ಕೂ ಸ್ವಲ್ಪ ಸಮಯ ಬೇಕು. ಕಾಗದದ ಲೆಕ್ಕವನ್ನು ಹಾಗೇ ಎಳೆದುಕೊಂಡು ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ಒಮ್ಮೆ ನೋಡಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ, ಕೊಂಚ ನಿಧಾನದ ಬ್ಯಾಕ್ಟೀರಿಯಾ ತೆಗೆದುಕೊಳ್ಳಿ. ಲಕ್ಷ ಕೋಟಿ ಸೇರಿದರೆ ಒಂದು ಗ್ರಾಮ್ ತೂಗುವಷ್ಟು ಚಿಕ್ಕದು. ತಡೆಯೇ ಇಲ್ಲದೆ ಬೆಳೆದರೆ ಒಂದು ಹಗಲು ಒಂದು ರಾತ್ರಿಗೆ ಅದರ ಸಂತಾನದ ತೂಕ ಸುಮಾರು 4,700 ಟನ್, ಹತ್ತು ಟನ್ನಿನ 470 ಲಾರಿಗಳಷ್ಟು. ನಲವತ್ನಾಲ್ಕು ಗಂಟೆ ದಾಟುವ ಹೊತ್ತಿಗೆ ಭೂಮಿಯ ತೂಕ, ಅಂದರೆ 6ರ ಮುಂದೆ 24 ಸೊನ್ನೆ ಬರೆದಷ್ಟು ಕಿಲೋ! ಹಾಗಾಗುವುದಿಲ್ಲ, ಸರಿ. ಆಹಾರ ತೀರುತ್ತದೆ, ತಾವು ಬಿಟ್ಟ ಕೊಳಕಿನಲ್ಲಿ ತಾವೇ ಸೊರಗುತ್ತವೆ. ಆದರೆ ಅರ್ಧ ಪಾತ್ರೆ ಸಾರಿನಲ್ಲಿ ಮೊದಲ ಕೆಲವು ಗಂಟೆ ಅವುಗಳಿಗೆ ಯಾವ ಕೊರತೆಯೂ ಇಲ್ಲ.

‘ಮೂಸಿ ನೋಡಿದರೆ ತಿಳಿಯೋದಿಲ್ವೇ?’ ಅಂತ ಅವ್ವ ಕೇಳುತ್ತಿದ್ದಳು. ತಿಳಿಯೋದಿಲ್ಲ. ಒಂದು ಮಿಲಿಲೀಟರ್ ಸಾರಿನಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದರೂ ಅವು ಹಿಡಿಯುವ ಜಾಗ ಆ ಸಾರಿನ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಮಹಡಿ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕಿಗೆ ಒಂದು ಮಿಲಿಲೀಟರ್ ಏನನ್ನೋ ಬಿಟ್ಟಂತೆ. ಬಣ್ಣ ಅದೇ, ಘಮ ಅದೇ, ಮೇಲೆ ತೇಲುವ ಎಣ್ಣೆಯೂ ಅದೇ. ಹಳಸಿದ ವಾಸನೆ ತರುವ ಜೀವಿಗಳು ಬೇರೆ, ಹೊಟ್ಟೆ ಕೆಡಿಸುವವು ಬಹುಮಟ್ಟಿಗೆ ಬೇರೆ. ಮೂಗನ್ನು ನಂಬಿ ಉಣ್ಣುವ ನಮ್ಮ ಅಭ್ಯಾಸ ಎಷ್ಟು ಹಳೆಯದಾದರೂ ಈ ವಿಷಯದಲ್ಲಿ ಅದಕ್ಕೆ ಬೆಲೆ ಕೊಡಲಾರೆ.

ಅವ್ವನ ಇನ್ನೊಂದು ಮಾತು: ‘ಇನ್ನೊಂದು ಕುದಿ ಬರಿಸಿದರೆ ಆಯ್ತು.’ ಈ ಮಾತಿಗೆ ಅರ್ಧ ಬೆಲೆ ಉಂಟು. ಎದ್ದು ಬೆಳೆದ ಪರ್ಫ್ರಿಂಜೆನ್ಸ್ ಕುದಿಯಲ್ಲಿ ಸಾಯುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಸಂಜೆಯೊಮ್ಮೆ, ಬೆಳಿಗ್ಗೆಯೊಮ್ಮೆ ಸಾರು ಕುದಿಸಿಡುತ್ತಿದ್ದವರು ತಿಳಿದೋ ತಿಳಿಯದೆಯೋ ಆ ಇಮ್ಮಡಿಯ ಲೆಕ್ಕವನ್ನು ಮತ್ತೆ ಮೊದಲಿಗೆ ತರುತ್ತಿದ್ದರು. ಉಳಿದ ಅರ್ಧ ಸುಳ್ಳಾಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್ ಮುಂದೆ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಸುಮ್ಮನೆ ಇರುತ್ತದೆ. ಮೂಗು ಮುಟ್ಟಿದ ಕೈಯಲ್ಲೇ ಬೆಂದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿದರೆ ಅಲ್ಲಿಗೆ ದಾಟುತ್ತದೆ. ಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಕಾರುತ್ತದೆ. ಆ ವಿಷ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೂ ವಾಂತಿ ಹಿಡಿಸಬಲ್ಲದು, ಅರ್ಧ ಗಂಟೆ ಕುದಿಸಿದರೂ ಉಳಿಯಬಲ್ಲದು. ಬ್ಯಾಕ್ಟೀರಿಯಾ ಸತ್ತಿದೆ, ಅದು ಬಿಟ್ಟುಹೋದದ್ದು ಸತ್ತಿಲ್ಲ.

ಮಿಕ್ಕಿದ್ದು ಚಿಕನ್ ಬಿರಿಯಾನಿಯಾದರೆ ಅನ್ನದ ಕಡೆಯಿಂದಲೂ ಒಬ್ಬ ಬರುತ್ತಾನೆ, ಬ್ಯಾಸಿಲಸ್ ಸೀರಿಯಸ್. ಅದು ಮಾಡುವ ವಾಂತಿಯ ವಿಷ 121 ಡಿಗ್ರಿಯಲ್ಲಿ ತೊಂಬತ್ತು ನಿಮಿಷ ಇಟ್ಟರೂ ಕೆಡುವುದಿಲ್ಲ. ಪ್ರೆಷರ್ ಕುಕ್ಕರಿನೊಳಗೆ ವಿಸಿಲ್ ಹೊಡೆಯುವಾಗ ಇರುವುದು ಹೆಚ್ಚೆಂದರೆ ಅಷ್ಟೇ ಬಿಸಿ. ಒಂದೂವರೆ ಗಂಟೆ ವಿಸಿಲ್ ಹೊಡೆಸಿದರೂ ಹೋಗದ್ದನ್ನು ತವೆಯ ಮೇಲೆ ಐದು ನಿಮಿಷ ಹೊರಳಿಸಿ ಓಡಿಸಲಾದೀತೇ?

ಆದ್ದರಿಂದಲೇ ಲೋಕದ ಆಹಾರ ಇಲಾಖೆಗಳೆಲ್ಲ ಗಡಿಯಾರದ ಮೇಲೆ ಕಣ್ಣಿಟ್ಟಿರುವುದು. ಬೆಂದ ಕೋಳಿ 5ರಿಂದ 60 ಡಿಗ್ರಿಯ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗಿನ ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಏಪ್ರಿಲ್ ಮಧ್ಯಾಹ್ನದಲ್ಲಿ ತಂಪಿನ ಊರೆನಿಸಿದ ಬೆಂಗಳೂರೇ 34ರ ಸುತ್ತ ಇರುತ್ತದೆ. ರಾಯಚೂರು, ಕಲಬುರಗಿಯ ಮಾತು ಹೇಳುವುದೇ ಬೇಡ. ಹೊಸತೊಡಕಿನ ಸಾರಿಗೆ ಇರುವುದು ಆ ಒಂದು ಗಂಟೆಯೇ. ನಾವು ಕೊಡುತ್ತಿದ್ದದ್ದು ಎಂಟು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಕೆಟ್ಟ ಆಹಾರದಿಂದ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಜನ ಸಾಯುತ್ತಾರೆ. ನಾವು ಯಾರೂ ಆ ಲೆಕ್ಕಕ್ಕೆ ಸೇರದೆ ಉಳಿದದ್ದು ಅದೃಷ್ಟವೆಂದೇ ಈಗ ಅನ್ನಿಸುತ್ತದೆ.

ಬೇಗ ಆರಿಸಬೇಕು, ಸರಿ. ಹೇಗೆ? ಇಲ್ಲೊಂದು ಲೆಕ್ಕ ನನಗೆ ಎಲ್ಲಕ್ಕಿಂತ ಇಷ್ಟ. ಬಿರಿಯಾನಿ, ಗೊಜ್ಜಿನಂಥ ಗಟ್ಟಿ ಪದಾರ್ಥದ ನಡುವಿನ ಬಿಸಿ ಹೊರಗೆ ಬರಲು ಬೇಕಾದ ಸಮಯ ಅದರ ದಪ್ಪದ ವರ್ಗದಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟು, ದಪ್ಪ ಮೂರರಷ್ಟಾದರೆ ಸಮಯ ಒಂಬತ್ತರಷ್ಟು. ನಾಲ್ಕು ಸೆಂಟಿಮೀಟರ್ ಹರಡಿದ ಬಿರಿಯಾನಿ ಒಂದು ಗಂಟೆಗೆ ಆರಿದರೆ, ಅದನ್ನೇ ಹನ್ನೆರಡು ಸೆಂಟಿಮೀಟರ್ ಎತ್ತರಕ್ಕೆ ಒತ್ತಿ ತುಂಬಿದ ಡಬ್ಬಿಯ ನಡುವು ಒಂಬತ್ತು ಗಂಟೆ ಹಿಡಿಯುತ್ತದೆ. ತೆಳು ಸಾರು ಒಳಗೇ ಸುತ್ತಾಡುವುದರಿಂದ ಕೊಂಚ ಬೇಗ ಆರೀತು. ಆದರೂ ಆಳದ ಪಾತ್ರೆಯನ್ನು ಇಡಿಯಾಗಿ ಫ್ರಿಜ್ಜಿಗೆ ನೂಕುವುದು ತಪ್ಪು. ಅಗಲದ ಮೂರು ನಾಲ್ಕು ಪಾತ್ರೆಗೆ, ಎರಡು ಇಂಚಿಗಿಂತ ಆಳವಾಗದಂತೆ ಹಂಚಬೇಕು.

ಬಿಸಿ ಪದಾರ್ಥ ಇಟ್ಟರೆ ಫ್ರಿಜ್ ಹಾಳಾಗುತ್ತದೆ, ಕರೆಂಟ್ ಬಿಲ್ ಏರುತ್ತದೆ ಎಂಬ ಭಯಕ್ಕೂ ಲೆಕ್ಕವೇ ಉತ್ತರ. ಒಂದು ಕಿಲೋ ಸಾರನ್ನು 60ರಿಂದ 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಒಂದು ಯೂನಿಟ್ಟಿನ ಹದಿನೈದನೇ ಒಂದು ಪಾಲಿನಷ್ಟು. ಅದಕ್ಕೆ ಫ್ರಿಜ್ ಎಳೆಯುವ ಕರೆಂಟ್ ಇನ್ನೂ ಕಡಿಮೆ. ಹಬೆ ನಿಂತ ಮೇಲೆ ಇಡಿ, ಅಷ್ಟು ಸಾಕು. ಒಳಗೆ 4 ಡಿಗ್ರಿ ಇದ್ದರೆ ಮೂರು ನಾಲ್ಕು ದಿನ ಬರುತ್ತದೆ. ಆ ತಂಪಿನಲ್ಲೂ ಮೆಲ್ಲಗೆ ಬೆಳೆಯುವ ಲಿಸ್ಟೀರಿಯಾ ಇದೆ, ಅದಕ್ಕೇ ದಿನಗಳಿಗೆ ಮಿತಿ. ಬಸುರಿಯರು ಇದನ್ನು ಮರೆಯಲೇಬಾರದು. ಕರೆಂಟ್ ಹೋದರೆ ಬಾಗಿಲು ತೆಗೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ, ತುಂಬಿದ ಫ್ರೀಜರ್ ಎರಡು ದಿನ.

ತಿನ್ನುವಷ್ಟನ್ನೇ ತೆಗೆದು, ಅದರ ನಡುವೂ 74 ಡಿಗ್ರಿ ಮುಟ್ಟುವಂತೆ ಬಿಸಿಮಾಡಬೇಕು. ಸಾರಾದರೆ ತಳಮಳ ಕುದಿ, ನಾಲ್ಕು ಸಲ ಸೌಟು ಆಡಿಸಿ. ಮೈಕ್ರೋವೇವಿನದು ಬೇರೆ ಕಥೆ. ಅದರ ಅಲೆ ಸೆಕೆಂಡಿಗೆ 245 ಕೋಟಿ ಸಲ ತುಯ್ದಾಡುತ್ತದೆ, ಅಷ್ಟಿದ್ದೂ ಕೋಳಿ ತುಂಡಿನೊಳಗೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಇಳಿಯುವುದಿಲ್ಲ. ಅಲೆಗಳು ಪೆಟ್ಟಿಗೆಯ ಗೋಡೆಗೆ ಬಡಿದು ಮರಳಿ ತಮ್ಮಲ್ಲೇ ಬೆರೆಯುವುದರಿಂದ ಸುಮಾರು ಆರು ಸೆಂಟಿಮೀಟರಿಗೊಂದರಂತೆ ಬಿಸಿಯೇ ಏಳದ ತಾಣಗಳು ಉಳಿಯುತ್ತವೆ. ತೊಡೆಯ ತುಂಡಿನ ಒಂದು ಕಡೆ ನಾಲಿಗೆ ಸುಟ್ಟು, ಇನ್ನೊಂದು ಕಡೆ ತಣ್ಣಗಿರುವುದು ಅದಕ್ಕೇ. ಮುಚ್ಚಿಟ್ಟು, ನಡುವೆ ತೆಗೆದು ಕಲಸಿ, ಆಮೇಲೆ ಎರಡು ನಿಮಿಷ ಹಾಗೇ ಬಿಡಬೇಕು.

ಅವ್ವ ಮಿಕ್ಕ ಸಾರಿನ ಪಾತ್ರೆಯನ್ನು ಒಮ್ಮೊಮ್ಮೆ ನೀರು ತುಂಬಿದ ಅಗಲ ಬೋಗುಣಿಯೊಳಗೆ ಇಡುತ್ತಿದ್ದಳು. ಇರುವೆ ಹತ್ತಬಾರದೆಂದು. ಶಾಖವನ್ನು ಒಯ್ಯುವುದರಲ್ಲಿ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೇಲು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಳೆದ ಹೊಸತೊಡಕಿಗೆ ಊಟ ಮುಗಿದ ಕೂಡಲೇ ಅದೇ ಬೋಗುಣಿಯನ್ನು ಅಟ್ಟದಿಂದ ಇಳಿಸಿ, ನೀರಿಗೆ ಐಸ್ ಸುರಿದು, ಸಾರಿನ ಪಾತ್ರೆ ಇಟ್ಟು ಸೌಟು ಆಡಿಸುತ್ತ ಕೂತೆ. ನಡುಮನೆಯಲ್ಲಿ ಎಲ್ಲರೂ ಮಲಗಿದ್ದರು. ಎರಡು ಗಂಟೆ ಬಡಿಯುವ ಮೊದಲೇ ಮೂರೂ ಡಬ್ಬಿ ಫ್ರಿಜ್ಜಿನೊಳಗಿದ್ದವು.